ಡ್ರೈ ಐಸ್ ಎಲ್ಲಿ ಹೋಯಿತು?

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಸೊರಗಿದೆ ಎಂದು ಗೊಣಗುವವರು ಒಮ್ಮೆ ಅಲ್ಲಿನ ಆಡಳಿತ ಕಚೇರಿಯ ವಾರ್ಷಿಕ ವರದಿ ಓದಬೇಕು. ಬಾಕಿ ಕಡತ: ಸೊನ್ನೆ. ಎಲ್ಲವೂ ವಿಲೇವಾರಿ. ಆಕ್ಷೇಪಣೆ ಬರೆದು ವಾಪಸ್ ಕಳಿಸುವುದೂ ವಿಲೇವಾರಿಯೇ ಆದ್ದರಿಂದ, ಒಂದೇ ಕಡತ ಏಳು ಸಲ ಹೋಗಿ ಬಂದರೆ ಲೆಕ್ಕದಲ್ಲಿ ಏಳು ಕಡತ.

ಸ್ಯಾಂಪಲ್ಲಿಗೆ ಒಂದನ್ನು ಬಿಚ್ಚೋಣ. ಜೀವರಸಾಯನಶಾಸ್ತ್ರದ ಮೇಡಂ ಒಬ್ಬರು ಕಿಣ್ವ ತರಿಸಿದರು. ಮೈನಸ್ 20 ಡಿಗ್ರಿಯಲ್ಲೇ ಇಡಬೇಕಾದ ಸರಕು, ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ಶುಕ್ರವಾರ ಸಂಜೆ ಬಂತು. ಉಗ್ರಾಣಕ್ಕೆ ಆಗಲೇ ಬೀಗ. ಎರಡನೇ ಶನಿವಾರ, ಭಾನುವಾರ ಕಳೆದು ಸೋಮವಾರ ಭೌತಿಕ ಪರಿಶೀಲನೆ ನಡೆದು ಶರಾ ಬಿತ್ತು: “ಬಿಲ್ಲಿನಲ್ಲಿ 5 ಕೆ.ಜಿ. ಡ್ರೈ ಐಸ್ ನಮೂದಾಗಿದೆ. ಡಬ್ಬಿಯಲ್ಲಿ ಕಂಡುಬಂದಿಲ್ಲ. ಸಂಶೋಧಕರು ವಿವರಣೆ ನೀಡುವುದು.” ಅದು ನೀರಾಗದೆ ನೇರವಾಗಿ ಅನಿಲವಾಗಿ ಗಾಳಿಗೆ ಸೇರುತ್ತದೆ ಎಂದು ಮೇಡಂ ವಿನಯದಿಂದಲೇ ಬರೆದರು. ಕಡತ ಮರಳಿತು: “ಆವರಣದಿಂದ ಹೊರಹೋದ ಸಾಮಗ್ರಿಗೆ ಗೇಟ್ ಪಾಸ್ ಲಗತ್ತಿಸಿಲ್ಲ.” ಕಿಣ್ವದ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ ಬಿಡಿ, ಸೀಸೆಗಳ ಎಣಿಕೆ ಸರಿಯಿತ್ತು.

ಹಾಗಂತ ಗುಮಾಸ್ತರನ್ನು ಬೈದು ಪ್ರಯೋಜನವಿಲ್ಲ. ಸಹಿ ಹಾಕಿದವನ ಕುತ್ತಿಗೆಗೆ ಆಡಿಟ್ ಪ್ಯಾರಾ, ಅಂದರೆ ಲೆಕ್ಕ ತಪಾಸಣೆಯ ಆಕ್ಷೇಪಣೆ ಬರುತ್ತದೆ. ಸಹಿ ಹಾಕದೆ ಕೂತವನಿಗೆ ಯಾರಾದರೂ ನೋಟಿಸ್ ಕೊಟ್ಟದ್ದುಂಟೆ?

2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯಕ್ಕೆ ಕನಿಕರ ಹುಟ್ಟಿ ಸಂಶೋಧನಾ ಖರೀದಿಯ ನಿಯಮಗಳನ್ನು ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯದು 10ರಿಂದ 25 ಲಕ್ಷಕ್ಕೆ ಏರಿತು. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನ ಹೊರಗೆ ಕೊಳ್ಳಲು ಸಂಸ್ಥೆಯ ಮುಖ್ಯಸ್ಥರಿಗೇ ಅಧಿಕಾರ ಸಿಕ್ಕಿತು. ಮೇಡಂ ಆ ಆದೇಶದ ಪ್ರತಿ ಹಿಡಿದು ಓಡಿದರು. “ಮೇಡಂ, ಇದು ಕೇಂದ್ರದ್ದು. ನಾವು ರಾಜ್ಯದವರು, ನಮಗೆ ರಾಜ್ಯದ ಸಾರ್ವಜನಿಕ ಖರೀದಿಗೆಂದೇ 1999ರ ಕೆಟಿಪಿಪಿ ಕಾಯ್ದೆ ಉಂಟಲ್ಲ” ಎಂದರು ಅಧೀಕ್ಷಕರು. ಅನುದಾನ ಕೇಂದ್ರದ್ದೇ ಎಂದು ಮೇಡಂ ನೆನಪಿಸಿದಾಗ, ಯಾವುದು ಅನ್ವಯ ಎಂದು ಸ್ಪಷ್ಟೀಕರಣ ಕೋರಿ ಅಲ್ಲಿಗೊಂದು, ಇಲ್ಲಿಗೊಂದು ಪತ್ರ ಹೋಯಿತು. ಎರಡು ವಿಲೇವಾರಿ.

ಈ ವರ್ಷ ಹೊಸ ಸುಧಾರಣೆ. ಕಚೇರಿಯ ನೆರವು ಹೇಗಿದೆ ಎಂದು ಸಂಶೋಧಕರೇ ಐದಕ್ಕೆ ಅಂಕ ಕೊಡಬೇಕಂತೆ. ಹೆಸರು, ವಿಭಾಗ, ಯೋಜನೆಯ ಸಂಖ್ಯೆ ಕಡ್ಡಾಯ. ನಮೂನೆಯನ್ನು ಸೂಕ್ತ ಮಾರ್ಗದ ಮೂಲಕ, ಅಂದರೆ ಅದೇ ಅಧೀಕ್ಷಕರ ಮೇಜಿನ ಮೂಲಕವೇ ಸಲ್ಲಿಸಬೇಕು. ಮೇಡಂ ಐದಕ್ಕೆ ಐದು ಕೊಟ್ಟರು. ಮಾರ್ಚ್ ಹತ್ತಿರ ಬಂದಿತ್ತು, ಅನುದಾನ ಖರ್ಚಾದದ್ದಕ್ಕೆ ಸಾಕ್ಷಿಯಾದ ಬಳಕೆ ಪ್ರಮಾಣಪತ್ರಕ್ಕೆ ಹಣಕಾಸು ಅಧಿಕಾರಿಯ ಮೊಹರು ಇನ್ನೂ ಬಿದ್ದಿರಲಿಲ್ಲ.