ಕೋಲಾರದ ಟೊಮೆಟೊಗೆ ಎ.ಸಿ. ಭಾಗ್ಯ

ನಮ್ಮ ಕೋಲಾರದಲ್ಲಿ ಹೊಸದಾಗಿ ತೆರೆದಿರುವ ಆ ದುಬಾರಿ ದಿನಸಿ-ತರಕಾರಿ ಮಳಿಗೆಯ ಹೆಸರನ್ನು ನಾನು ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಹದಿನೈದು ದಿನಗಳಿಂದ ಡೂಂಲೈಟ್ ವೃತ್ತದಿಂದ ಟೇಕಲ್ ರಸ್ತೆಯವರೆಗೆ ಯಾವ ಕಂಬದತ್ತ ಕತ್ತೆತ್ತಿದರೂ ಅದರದೇ ಹಸಿರು ಫಲಕ ಕಾಣುತ್ತಿದೆ. ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಸುದ್ದಿಗಿಂತ ಮೊದಲು ಅದರದೇ ಕರಪತ್ರ ಮಡಿಲಿಗೆ ಬೀಳುತ್ತಿದೆ. ‘ಕೋಲಾರ ಇನ್ನು ಮುಂದೆ ಹಳೆಯ ಕೋಲಾರವಲ್ಲ’ ಎಂದು ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿವೃತ್ತ ಮೇಷ್ಟರೊಬ್ಬರು ಘೋಷಿಸಿಯೂ ಆಗಿದೆ. ಹಳೆಯದಲ್ಲದಿದ್ದರೆ ಇದು ಯಾವ ಕೋಲಾರ ಎಂದು ಕೇಳುವ ಮನಸ್ಸಾಯಿತು. ಅವರು ನನಗೆ ಎಂಟನೆಯ ತರಗತಿಯಲ್ಲಿ ಗಣಿತ ಹೇಳಿಕೊಟ್ಟವರು, ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೊಡೆದವರು, ಆದ್ದರಿಂದ ಸುಮ್ಮನಾದೆ.

ಮೊದಲಿಗೆ ಹೊಗಳಬೇಕಾದದ್ದನ್ನು ಹೊಗಳಿಬಿಡುತ್ತೇನೆ. ಈ ಮಳಿಗೆಗೆ ಶಂಕುಸ್ಥಾಪನೆಯೇ ನಡೆಯಲಿಲ್ಲ. ನಮ್ಮ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಶ್ರೀನಿವಾಸಪುರದಲ್ಲಿ ರೈಲ್ವೆ ಬೋಗಿ ಕಾರ್ಖಾನೆಗೆ 2014ರಲ್ಲಿ ಅಡಿಗಲ್ಲು ಹಾಕಿದರು. ಬೋಗಿ ಹಾಗಿರಲಿ, ಬೋಗಿಯ ಕಿಟಕಿಯ ಒಂದು ಸರಳೂ ಅಲ್ಲಿಂದ ಹೊರಬಂದದ್ದನ್ನು ಕಂಡವರಿಲ್ಲ. ಅದೇ ವರ್ಷ ಚಿಕ್ಕಬಳ್ಳಾಪುರದಲ್ಲಿ, ನಮ್ಮ ಕಡೆಗೆ ಘಟ್ಟದ ನೀರು ತರುವ ಎತ್ತಿನಹೊಳೆ ಯೋಜನೆಗೂ ಅಡಿಗಲ್ಲಾಯಿತು. 8,323 ಕೋಟಿ ರೂಪಾಯಿಯಿದ್ದ ಅಂದಾಜು ವೆಚ್ಚ ಮಳೆಗಾಲದ ಹೊಳೆಯಂತೆ ಉಬ್ಬಿ 23,251 ಕೋಟಿಯಾಯಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ, ಬಾಗಿನ, ಭಾಷಣ ಎಲ್ಲವೂ ಮುಗಿದವು. ನೀರು ಮಾತ್ರ ದಾರಿಯಲ್ಲಿದೆ. ಕೋಲಾರದಲ್ಲಿ ಅಡಿಗಲ್ಲೆಂದರೆ ಕೆಲಸ ಇಲ್ಲಿಗೆ ಮುಗಿಯಿತು ಎಂದು ಅರ್ಥವೆಂಬುದನ್ನು ಯಾರೋ ಈ ಮಳಿಗೆಯವರ ಕಿವಿಯಲ್ಲಿ ಹೇಳಿರಬೇಕು. ಅವರು ಕಲ್ಲು ಬಿಟ್ಟು ಗಾಜು ತಂದರು, ಆರು ತಿಂಗಳಲ್ಲಿ ಬಾಗಿಲು ತೆರೆದರು.

ಆ ಬಾಗಿಲು ನಾವು ಹತ್ತಿರ ಹೋಗುತ್ತಲೇ ತಾನಾಗಿ ಸರಿಯುತ್ತದೆ. ಒಳಗೆ ಕಾಲಿಟ್ಟೊಡನೆ ಎದುರಾದದ್ದು ಟೊಮೆಟೊ. ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಒಣಹುಲ್ಲಿನ ಹಾಸು, ಮೇಲೆ ಮಂಜಿನಂತೆ ಸಿಂಪಡಿಸುವ ನೀರು, ನೆತ್ತಿಗೆ ಹಳದಿ ಬೆಳಕು. ಚೊಚ್ಚಲ ಬಾಣಂತಿಗೂ ನಮ್ಮ ಕಡೆ ಇಷ್ಟು ಉಪಚಾರ ನಡೆಯುವುದಿಲ್ಲ. ಪ್ರತಿಯೊಂದು ಹಣ್ಣಿನ ಮೈಮೇಲೂ ಪುಟ್ಟ ಚೀಟಿ: ‘ಫಾರ್ಮ್ ಫ್ರೆಶ್, ಕೋಲಾರ.’ ಕೋಲಾರದಲ್ಲಿ ನಿಂತು ಕೋಲಾರದ ಟೊಮೆಟೊ ಕೋಲಾರದ್ದೆಂದು ಚೀಟಿ ಓದಿ ತಿಳಿದುಕೊಳ್ಳುವ ಸುಯೋಗ ನನ್ನ ಆಯುಸ್ಸಿನಲ್ಲಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಕುತೂಹಲ ತಡೆಯಲಾರದೆ ಅಲ್ಲಿ ನಿಂತಿದ್ದ ಹುಡುಗನನ್ನು ಕೇಳಿದೆ.

“ಇದು ಯಾವ ಊರಿನದಪ್ಪಾ?”

“ಹೊಸಕೋಟೆ ಗೋಡೌನಿಂದ ಬರ್ತದೆ ಸಾರ್.”

“ಗೋಡೌನಿಗೆ?”

ಹುಡುಗ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಇಲ್ಲೇ ಸಾರ್, ನಮ್ ಎಪಿಎಂಸಿಯಿಂದ.”

ಅಂದರೆ, ನಮ್ಮ ವೇಮಗಲ್ಲಿನ ಕಡೆಯ ಯಾವುದೋ ಹೊಲದಲ್ಲಿ ಹುಟ್ಟಿದ ಹಣ್ಣು ಕ್ರೇಟಿನಲ್ಲಿ ಕುಳಿತು ಮಂಡಿಗೆ ಬಂದು, ಹರಾಜಾಗಿ, ಹೆದ್ದಾರಿ ಹಿಡಿದು ಸುಮಾರು 40 ಕಿಲೋಮೀಟರು ಪಶ್ಚಿಮಕ್ಕೆ ಹೋಗಿ, ಅಲ್ಲಿ ಸ್ನಾನ ಮಾಡಿಸಿಕೊಂಡು, ಮೈಮೇಲೆ ಚೀಟಿ ಅಂಟಿಸಿಕೊಂಡು, ಮತ್ತೆ 40 ಕಿಲೋಮೀಟರು ಪೂರ್ವಕ್ಕೆ ಬಂದು, ಹೊರಟ ಜಾಗದಿಂದ ಕೂಗಳತೆಯ ದೂರದಲ್ಲಿ ‘ಈಗಷ್ಟೇ ಕಿತ್ತದ್ದು’ ಎಂಬ ಮುಖ ಮಾಡಿ ಕುಳಿತಿದೆ. ದುಬೈಗೆ ಹೋಗಿ ಬಂದ ಸೋದರಳಿಯನ ಹಾಗೆ. ಎರಡು ವರ್ಷದ ಹಿಂದೆ ಇಲ್ಲೇ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನೇ. ಈಗ ಕಣ್ಣಿಗೆ ಕಪ್ಪು ಕನ್ನಡಕ, ಮೈಗೆ ಅತ್ತರು, ಮಾತಾಡಿಸಲು ನಮಗೇ ಸಂಕೋಚ.

ನಮ್ಮ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಎಂದು ನಾವೇ ಎದೆತಟ್ಟಿಕೊಂಡು ಹೇಳುತ್ತಿರುತ್ತೇವೆ. ಆ ಏಷ್ಯಾ ಖ್ಯಾತಿಯ ಪ್ರಾಂಗಣದಲ್ಲಿ ಸುಗ್ಗಿಯ ದಿನ ಲಾರಿ ತಿರುಗಿಸಲು ಜಾಗವಿರುವುದಿಲ್ಲ. ಮಳೆ ಬಂದರೆ ಕೆಸರಿನಲ್ಲಿ ಕ್ರೇಟು ಮೊದಲು ಮುಳುಗುತ್ತದೋ ಹಮಾಲಿಯ ಕಾಲು ಮೊದಲು ಮುಳುಗುತ್ತದೋ ಎಂಬುದಷ್ಟೇ ಪ್ರಶ್ನೆ. ದೊಡ್ಡ ಜಾಗ ಕೊಡಿ, ಶೀತಲಗೃಹ ಕಟ್ಟಿ, ಸಾಸು ಮಾಡುವ ಒಂದು ಕಾರ್ಖಾನೆಯನ್ನಾದರೂ ತನ್ನಿ ಎಂಬ ಕೂಗು ಎಷ್ಟು ಹಳೆಯದೆಂದರೆ, ಮೊದಲು ಕೂಗಿದವರ ಮೊಮ್ಮಕ್ಕಳು ಈಗ ಮಂಡಿ ನಡೆಸುತ್ತಿದ್ದಾರೆ. ಅನ್ನಭಾಗ್ಯ, ಕ್ಷೀರಭಾಗ್ಯಗಳ ಸಾಲಿನಲ್ಲಿ ನಮ್ಮ ಟೊಮೆಟೊಗೆ ಎ.ಸಿ. ಭಾಗ್ಯ ಕೊನೆಗೂ ಒದಗಿತಲ್ಲ ಎಂದು ಸಂತೋಷಪಡೋಣ. ಕೊಟ್ಟದ್ದು ಸರ್ಕಾರವಲ್ಲ, ಪಡೆದದ್ದು ರೈತನೂ ಅಲ್ಲ ಎಂಬುದು ಸಣ್ಣ ವಿವರ.

ಟೊಮೆಟೊದಿಂದ ಬಿಡಿಸಿಕೊಂಡು ಮುಂದೆ ಹೋದರೆ ರಾಗಿ ಸಿಕ್ಕಿತು. ನಮ್ಮ ತಾಯಿ ರಾಗಿಯನ್ನು ‘ರಾಗಿ’ ಎಂದೇ ಕರೆಯುತ್ತಿದ್ದರು. 2023ನ್ನು ವಿಶ್ವಸಂಸ್ಥೆಯವರು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ, ದೆಹಲಿಯ ಬಜೆಟ್ ಭಾಷಣದಲ್ಲಿ ಅದಕ್ಕೆ ‘ಶ್ರೀ ಅನ್ನ’ ಎಂಬ ಬಿರುದು ಸಿಕ್ಕಿದ ಮೇಲೆ, ರಾಗಿಗೂ ಕೊಂಬು ಬಂದಿದೆ. ಈ ಮಳಿಗೆಯಲ್ಲಿ ಅದು ಕಂದು ಕಾಗದದ ಚೀಲದೊಳಗೆ ‘ಸಾವಯವ ಮೊಳಕೆ ರಾಗಿ’ಯಾಗಿ ನಿಂತಿದೆ, ಅರ್ಧ ಕಿಲೋಗೆ 165 ರೂಪಾಯಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕಿಲೋಗೆ 49 ರೂಪಾಯಿಯೂ ಪೂರ್ತಿ ಇಲ್ಲ. ಆ ಬೆಲೆಗಾದರೂ ಮಾರಲು ರೈತ ಹೆಸರು ನೋಂದಾಯಿಸಿ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರು ನಿಲ್ಲಿಸಿಕೊಂಡು, ರಾತ್ರಿ ಚೀಲದ ಮೇಲೆಯೇ ಮಲಗಿ, ಕೊನೆಗೆ ತೇವ ಹೆಚ್ಚಿದೆ ಎನಿಸಿಕೊಳ್ಳಬೇಕು. ರಾಗಿ ಮೊಳಕೆಯೊಡೆದರೆ ಬೆಲೆ ಆರೇಳು ಪಟ್ಟಾಗುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತಿಲ್ಲವೇ? ಖರೀದಿ ಕೇಂದ್ರದ ಮುಂದೆ ಮಳೆಯಲ್ಲಿ ನೆನೆದು ಎಷ್ಟು ಸಲ ಮೊಳಕೆಯೊಡೆದಿಲ್ಲ! ಅದನ್ನು ಕಂದು ಕಾಗದದಲ್ಲಿ ಕಟ್ಟುವ ಉಪಾಯ ಹೊಳೆಯಲಿಲ್ಲ, ಅಷ್ಟೇ.

ನುಗ್ಗೆಸೊಪ್ಪು ‘ಮೊರಿಂಗಾ’ ಎಂಬ ಹೆಸರಿನಲ್ಲಿ ಪುಡಿಯಾಗಿ ಡಬ್ಬಿ ಸೇರಿದೆ. ಬಸಳೆ, ಹೊನಗೊನ್ನೆಗಳಿಗೆ ಪ್ರವೇಶ ಸಿಕ್ಕಿಲ್ಲ. ಬೆರಕೆ ಸೊಪ್ಪಿದೆಯೇ ಎಂದು ಕೇಳಿದೆ. ‘ಮಿಕ್ಸ್ ಸಲಾಡ್’ ತೋರಿಸಿದರು. ಮುದ್ದೆಗೆ ಮಸ್ಸೊಪ್ಪು ಮಾಡಲು ಹೊಲದ ಬದುವಿನಲ್ಲಿ ಹತ್ತು ಬಗೆಯ ಸೊಪ್ಪನ್ನು ಕಾಸಿಲ್ಲದೆ ಕಿತ್ತು ಮಡಿಲು ತುಂಬಿಸಿಕೊಳ್ಳುತ್ತಿದ್ದ ಹೆಂಗಸರ ಊರಿನಲ್ಲಿ, ನಾಲ್ಕು ಎಲೆಗಳು ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಕುಳಿತು 120 ರೂಪಾಯಿ ಕೇಳುತ್ತಿದ್ದವು. ಹಳೇ ಬಸ್ ನಿಲ್ದಾಣದ ಬಳಿ ಸೊಪ್ಪು ಮಾರುವ ಅಜ್ಜಿಗೆ ಇದನ್ನು ಹೇಳಿದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಕೊಸರು ಹಾಕ್ತಾರಾ ಸಾಮಿ?”

ನಾವೊಬ್ಬರೇ ಹೀಗೆ ಎಂದು ಕೊರಗಬೇಕಾಗಿಲ್ಲ. ಬಡವಾದ ಊರಿಗೆ ಸಿರಿವಂತರ ಕಿರಾಣಿ ಅಂಗಡಿ ಬರುವುದನ್ನೇ ಊರಿನ ಉದ್ಧಾರವೆಂದು ತಿಳಿಯುವ ಚಪಲ ಅಮೆರಿಕದಲ್ಲೂ ಇದೆ. ಕಾರು ಕಾರ್ಖಾನೆಗಳು ಸೊರಗಿ ಅರ್ಧ ಖಾಲಿಯಾಗಿದ್ದ ಡೆಟ್ರಾಯಿಟ್ ನಗರದಲ್ಲಿ 2013ರ ಜೂನ್ 5ರಂದು ಹೋಲ್ ಫುಡ್ಸ್ ಎಂಬ ದುಬಾರಿ ಮಳಿಗೆ ತೆರೆಯಿತು. ಊರಿಗೆ ಒಳ್ಳೆಯ ದಿನಗಳು ಬಂದವೆಂದು ಜನ ಹಿಗ್ಗಿದರು. ಒಂದು ಮಂಡಲ ತುಂಬುವ ಮೊದಲೇ, ಜುಲೈ 18ರಂದು, ಡೆಟ್ರಾಯಿಟ್ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ದಿವಾಳಿಯಾದದ್ದು ಊರು, ಅಂಗಡಿಯಲ್ಲ; ಅಂಗಡಿ ಚೆನ್ನಾಗಿಯೇ ಇತ್ತು. ಶಿಕಾಗೊದ ಎಂಗಲ್‌ವುಡ್ ಎಂಬ ಬಡ ಬಡಾವಣೆಯಲ್ಲೂ ಅದೇ ಕಂಪನಿ 2016ರಲ್ಲಿ ಮಳಿಗೆ ತೆರೆಯಿತು. ಆ ಜಾಗವನ್ನು ಸಜ್ಜುಗೊಳಿಸಲು ಒಂದು ಕೋಟಿ ಡಾಲರಿಗೂ ಮಿಗಿಲಾಗಿ ಸಾರ್ವಜನಿಕರ ಹಣ ಸುರಿದಿದ್ದರು. ಆರು ವರ್ಷ ಕಳೆದು, 2022ರಲ್ಲಿ, ಕಂಪನಿ ಬಾಗಿಲಿಗೆ ಬೀಗ ಹಾಕಿಕೊಂಡು ಹೋಯಿತು.

ಇದೇ ಕಂಪನಿಯ ಕ್ಯಾಲಿಫೋರ್ನಿಯದ ಒಂದು ಮಳಿಗೆಯಲ್ಲಿ 2015ರ ಆಗಸ್ಟಿನಲ್ಲಿ ಒಂದು ಬಾಟಲಿ ನೀರು ಮಾರಾಟಕ್ಕೆ ಬಂದಿತ್ತು. ಅದರೊಳಗೆ ಶತಾವರಿಯ ಜಾತಿಯ ಆಸ್ಪರಾಗಸ್ ಎಂಬ ತರಕಾರಿಯ ಮೂರು ಕಡ್ಡಿಗಳು ಮುಳುಗಿದ್ದವು. ಬೆಲೆ 5.99 ಡಾಲರ್. ಜಗತ್ತೆಲ್ಲ ನಕ್ಕ ಮೇಲೆ ಅದನ್ನು ತೆಗೆದುಹಾಕಿದರಂತೆ. ನನಗೇನೋ ನಗು ಬರಲಿಲ್ಲ. ನೀರಿನಲ್ಲಿ ಏನೋ ಬೆರೆತಿದೆ, ಏನೆಂಬುದು ಬರಿಗಣ್ಣಿಗೆ ಕಾಣುತ್ತಿದೆ, ಬೆಲೆ ಎಷ್ಟೆಂದು ಮೇಲೆಯೇ ಬರೆದಿದೆ: ಕೋಲಾರದವನಿಗೆ ಇಷ್ಟು ಪ್ರಾಮಾಣಿಕವಾದ ನೀರನ್ನು ಯಾರು ಕೊಟ್ಟಿದ್ದಾರೆ?

ನಮ್ಮ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆದರೂ ಮೊದಲು ಬರುವುದು ದೂಳು, ಆಮೇಲೆ ಬಂದರೆ ಫ್ಲೋರೈಡ್ ಬೆರೆತ ನೀರು. ಹಾಗಾಗಿ ಬೆಂಗಳೂರಿನ ಮೇಲೆ ಕರುಣೆಯ ಕಣ್ಣಿಟ್ಟು ಕುಳಿತೆವು. ಬೆಂಗಳೂರು ತನ್ನಲ್ಲಿ ಯಥೇಚ್ಛವಾಗಿದ್ದುದನ್ನು ಕೊಟ್ಟಿತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ಲಕ್ಷ್ಮೀಸಾಗರ ಕೆರೆಗೆ ನೀರು ಬಿದ್ದಾಗ ಆರತಿ ಎತ್ತಿದೆವು. ಕೆಲವೇ ವಾರಗಳಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಾಗ ಮೂಗು ಮುಚ್ಚಿಕೊಂಡೆವು. ಕೋರ್ಟು ತಡೆಯಿತು, ಕೋರ್ಟು ಬಿಟ್ಟಿತು. ಮೂರನೆಯ ಹಂತದ ಶುದ್ಧೀಕರಣ ಮಾಡಿ ಎಂದು ಬೇಡಿದವರನ್ನು ‘ಬಂದ ನೀರನ್ನೂ ಬೇಡವೆನ್ನುವ ಕೃತಘ್ನರು’ ಎಂದು ಬೈದರು. ಕೆರೆ ತುಂಬಿದ್ದು ನಿಜ, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದದ್ದೂ ನಿಜ. ಅದನ್ನು ಅಲ್ಲಗಳೆಯುವಷ್ಟು ಹಟ ನನಗಿಲ್ಲ. ಆದರೆ ಈ ಕೊಡುಕೊಳ್ಳುವಿಕೆಯನ್ನೊಮ್ಮೆ ನೋಡಿ. ಇಲ್ಲಿಂದ ಹಾಲು ಹೋಗುತ್ತದೆ, ತರಕಾರಿ ಹೋಗುತ್ತದೆ, ಮಾವು ಹೋಗುತ್ತದೆ, ರೇಷ್ಮೆ ಹೋಗುತ್ತದೆ, ಬೆಳಗಿನ ಜಾವದ ರೈಲಿನಲ್ಲಿ ಕೆಜಿಎಫಿನ ಹುಡುಗರು ಬಾಗಿಲಿಗೆ ಜೋತುಬಿದ್ದು ಹೋಗುತ್ತಾರೆ. ಅಲ್ಲಿಂದ ತೊಳೆದ ನೀರು ಬರುತ್ತದೆ, ನಮ್ಮದೇ ಟೊಮೆಟೊ ಚೀಟಿ ಅಂಟಿಸಿಕೊಂಡು ಬರುತ್ತದೆ.

ಮತ್ತೆ ಟೊಮೆಟೊಗೇ ಬಂದೆ, ಕ್ಷಮಿಸಿ. 2023ರ ಜುಲೈ ನೆನಪಿದೆಯೇ? 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ದೇಶದ ಟಿವಿಗಳೆಲ್ಲ ನಮ್ಮ ಮಂಡಿಗೆ ಕ್ಯಾಮೆರಾ ಹೊತ್ತುಕೊಂಡು ಓಡಿಬಂದವು. ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೇ ಕಾಣೆಯಾಯಿತು. ಹೊಲಕ್ಕೆ ಕಾವಲು ಕೂತರು. ‘ಮಧ್ಯಮ ವರ್ಗ ಬದುಕುವುದು ಹೇಗೆ’ ಎಂದು ಸಂಜೆಯ ಚರ್ಚೆಗಳಲ್ಲಿ ಗಂಟಲು ಹರಿದುಕೊಂಡರು. ಅದೇ ಬಾಕ್ಸು ನೂರು ರೂಪಾಯಿಗಿಂತ ಕೆಳಗಿಳಿದು, ಕೀಳುವ ಕೂಲಿಯೂ ಗಿಟ್ಟದೆ, ಹೆದ್ದಾರಿಯ ಪಕ್ಕ ರಾಶಿ ಸುರಿದು ಹೋದ ವರ್ಷಗಳಲ್ಲಿ ಆ ಗಂಟಲುಗಳು ಎಲ್ಲಿದ್ದವು? ಬೀಜ, ನಾರು, ನೀಲಗಿರಿ ಕಡ್ಡಿ, ಔಷಧಿ, ಕೂಲಿ, ಬಾಕ್ಸಿನ ಬಾಡಿಗೆ, ಲಾರಿ, ಹಮಾಲಿ, ಕಮಿಷನ್ ಇವೆಲ್ಲವನ್ನೂ ಕಳೆದ ಮೇಲೆ ಮಂಡಿಯ ಚೀಟಿಯಲ್ಲಿ ಉಳಿಯುವ ಅಂಕಿಯನ್ನು ನೋಡಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಟೀ ಕೂಡ ಕುಡಿಯದೆ ಬಸ್ಸು ಹತ್ತುವವರನ್ನು ನಾನು ಕಂಡಿದ್ದೇನೆ. ಬಾಕ್ಸು ಎರಡು ಸಾವಿರವಾದ ದಿನ ರೈತ ಕಳ್ಳ, ನೂರಾದ ದಿನ ಅವನು ಸುದ್ದಿಯೇ ಅಲ್ಲ. ಮೊನ್ನೆ ಈ ಮಳಿಗೆಯ ಉದ್ಘಾಟನೆಯ ವೇದಿಕೆಯಲ್ಲಿ ‘ಇದರಿಂದ ಜಿಲ್ಲೆಯ ರೈತರಿಗೆ ಅನುಕೂಲ’ ಎಂದವರು, ಯಾವ ರೈತನಿಗೆ, ಹೇಗೆ ಎಂಬ ಎರಡು ಮಾತನ್ನು ಹೇಳಬಹುದಿತ್ತು. ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎಲ್ಲರ ಬಾಯಲ್ಲೂ ಉಚಿತ ಬಿಸ್ಕತ್ತಿನ ಮಾದರಿ ಇತ್ತು. ನನ್ನ ಬಾಯಲ್ಲೂ ಇತ್ತು.

ಖಾಲಿ ಕೈಯಲ್ಲಿ ಹೊರಬರುವುದು ಮರ್ಯಾದೆಯಲ್ಲವೆಂದು ಒಂದು ಡಬ್ಬಿ ಇಂಗು ಕೊಂಡೆ. ಕೌಂಟರಿನಲ್ಲಿ ಫೋನ್ ನಂಬರು ಕೇಳಿದರು, ಕೊಟ್ಟೆ. ಈಗ ಆ ಇಂಗಿಗಿಂತ ಗಟ್ಟಿಯಾಗಿ ಅವರ ಸಂದೇಶಗಳು ದಿನಕ್ಕೆ ನಾಲ್ಕು ಬಾರಿ ನನ್ನನ್ನು ಹಿಡಿಯುತ್ತಿವೆ. ಬಿಲ್ಲಿನ ಕೊನೆಯಲ್ಲಿ ‘ಇಂದು ನೀವು ಉಳಿಸಿದ್ದು 6 ರೂಪಾಯಿ’ ಎಂದು ಅಚ್ಚಾಗಿತ್ತು. ಅದರ ಮೇಲಿನ ಸಾಲಿನಲ್ಲಿ ಕೈಚೀಲಕ್ಕೆ 15 ರೂಪಾಯಿ.

ಹೊರಡುವ ಮುನ್ನ ಕೈ ತೊಳೆಯಬೇಕೆನಿಸಿತು. ಬಾಟಲಿ ನೀರಿನ ಕಪಾಟನ್ನು ದಾಟಿ ಹೋದೆ. ಹಿಮಾಲಯದ ನೀರು, ಕ್ಷಾರೀಯ ನೀರು, ಗುಳ್ಳೆಯ ನೀರು, ಎಣಿಸಿದರೆ ಒಟ್ಟು ಒಂಬತ್ತು ಬಗೆ. ಕಪಾಟಿನ ಕೊನೆಗಿದ್ದ ಶೌಚಾಲಯದ ಬಾಗಿಲಿಗೆ ಆ ಹುಡುಗನೇ ಕೈಬರಹದಲ್ಲಿ ಬರೆದ ಕಾಗದ ಅಂಟಿಸುತ್ತಿದ್ದ: ‘ಟ್ಯಾಂಕರ್ ಬಂದಿಲ್ಲ, ನೀರಿಲ್ಲ. ಸಹಕರಿಸಿ.’