ತಲಾ ನಲವತ್ತೊಂದು ರೂಪಾಯಿ ಅರವತ್ತೇಳು ಪೈಸೆ

ಇಂದು ಬೆಳಿಗ್ಗೆ ಆರು ಗಂಟೆಗೆ, ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬರುವ ಮೊದಲೇ, ಮೊಬೈಲಿಗೆ ಸಂದೇಶವೊಂದು ಬಂದು ಬಿತ್ತು: "ಸ್ಕೀ ಹಿಡಿದು ತಂದ ಹುಡುಗನಿಗೆ ಬಕ್ಷೀಸು ₹250. ತಲಾ ₹41.67." ಹಿಮದ ಮೇಲೆ ಜಾರುವ ಸ್ಕೀ ಕಲಿಯಲು ಹೋಗಿದ್ದ ಕಾಶ್ಮೀರದ ಗುಲ್ಮಾರ್ಗಿನಿಂದ ಹಿಂತಿರುಗಿ ಇನ್ನೂ ಎರಡು ದಿನ ತುಂಬಿಲ್ಲ. ಬಾಡಿಗೆಯ ಬೂಟು ಒತ್ತಿದ ಜಾಗದಲ್ಲಿ ಕಣಕಾಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ, ನೆಲದ ಮೇಲೆ ಕುಳಿತರೆ ಏಳಲು ಗೋಡೆಯ ಸಹಾಯ ಬೇಕಾಗಿದೆ. ಇಂಥ ಸ್ಥಿತಿಯಲ್ಲಿರುವವನಿಗೆ ಪೈಸೆಯ ಲೆಕ್ಕ ಕಳಿಸುವವನನ್ನು ಸ್ನೇಹಿತ ಎನ್ನಬೇಕೋ ಲೇವಾದೇವಿಯವನೆನ್ನಬೇಕೋ ತಿಳಿಯದೆ, ಹಲ್ಲುಜ್ಜುವ ಮೊದಲೇ ನಾನು ಹಲ್ಲು ಕಡಿದೆ.

ನಾವು ಆರು ಮಂದಿ ಹಾಸ್ಟೆಲ್ಲಿನ ಒಂದೇ ಸಾಲಿನ ಕೋಣೆಗಳಲ್ಲಿ ಇದ್ದವರು. ಈ ಸಂದೇಶದ ಕರ್ತೃವಿಗೆ ಅಂದಿನಿಂದಲೂ ಶಾನುಭೋಗ ಎಂದೇ ಹೆಸರು. ಇಬ್ಬರು ಸೇರಿ ಒಂದು ಬೈಟು ಕಾಫಿ ಕುಡಿದರೂ ಅದನ್ನು ಭಾಗಿಸಿ ಬರೆದಿಡದಿದ್ದರೆ ಅವನಿಗೆ ನಿದ್ದೆ ಹತ್ತದು. ನಿಮ್ಮ ಗುಂಪಿನಲ್ಲಿಯೂ ಇಂಥವನೊಬ್ಬ ಇದ್ದೇ ಇರುತ್ತಾನೆ, ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ ಎಂಬ ಸಂಗತಿ ಶ್ರೀನಗರದ ವಿಮಾನ ನಿಲ್ದಾಣದಲ್ಲಿ ಅವನ ಅರಿವಿಗೆ ಬಂದಾಗ, ಖರ್ಚು ಹಂಚುವ ಅವನ ಆ್ಯಪ್ ಒಂದು ವಾರ ಮೌನವ್ರತ ಹಿಡಿಯುವುದೆಂದು ನಾವು ಐವರೂ ಒಳಗೊಳಗೇ ಹಿಗ್ಗಿದೆವು. ಆದರೆ ಗುಲ್ಮಾರ್ಗ್ ಹದಿಮೂರು ಕಿಲೋಮೀಟರು ಇರುವಾಗ ಸಿಗುವ ತಂಗ್‌ಮಾರ್ಗಿನಲ್ಲಿ, ಚಕ್ರಕ್ಕೆ ಸರಪಳಿ ಬಿಗಿದ ಜೀಪಿಗಾಗಿ ನಾವು ಕಾಯುತ್ತಿದ್ದ ಹೊತ್ತಿನಲ್ಲಿ, ಅವನು ಪಕ್ಕದ ಅಂಗಡಿಗೆ ಹೋಗಿ ನೋಟ್‌ಬುಕ್ಕೊಂದನ್ನು ಕೊಂಡು ತಂದ. ಅದರ ಮೊದಲ ಪುಟದ ಮೊದಲ ಸಾಲಿನಲ್ಲಿ ಆ ನೋಟ್‌ಬುಕ್ಕಿನ ಬೆಲೆಯನ್ನೇ ಬರೆದು, ಆರರಿಂದ ಭಾಗಿಸಿದ. ಚಳಿಗೆ ಬಾಲ್‌ಪೆನ್ನಿನ ಮಸಿ ಗಟ್ಟಿಯಾಗಿ ಬರೆಯದೆ ಹೋದಾಗ, ಜ್ವರ ನೋಡುವ ಥರ್ಮಾಮೀಟರಿನಂತೆ ಅದನ್ನು ಅಲ್ಲಿನ ಉದ್ದನೆಯ ನಿಲುವಂಗಿಯಾದ ಫೆರನ್ನಿನೊಳಗೆ ಕಂಕುಳಲ್ಲಿ ಇಟ್ಟುಕೊಂಡು ವಾರವಿಡೀ ಓಡಾಡಿದ.

ಬೇಸಿಗೆಯಲ್ಲಿ ಗಾಲ್ಫ್ ಆಡುವ ಮೈದಾನವೇ ಅಲ್ಲಿ ಚಳಿಗಾಲದಲ್ಲಿ ಹೊಸಬರ ಪಾಠಶಾಲೆ. ಸ್ಕೀ ಕಲಿಯುವುದೆಂದರೆ ಮೊದಲು ಬೂಟು ಹಾಕಲು ಕಲಿಯುವುದು. ಅದರಲ್ಲಿಯೇ ನಮ್ಮ ಮೊದಲ ಮುಂಜಾವು ಮುಗಿಯಿತು. ಪ್ಲಾಸ್ಟಿಕ್ಕಿನ ಆ ಬೂಟು ಕಣಕಾಲನ್ನು ಮುಂದಕ್ಕೆ ಬಾಗಿಸಿ ಹಿಡಿದು ಕಟ್ಟಿಹಾಕುವುದರಿಂದ, ಅದನ್ನು ತೊಟ್ಟು ನಡೆಯುವವರೆಲ್ಲರೂ ಯಕ್ಷಗಾನದ ಚೌಕಿಯಿಂದ ರಂಗಕ್ಕೆ ಬರುವ ಬಣ್ಣದ ವೇಷದವರಂತೆ ಕಾಣುತ್ತಾರೆ, ಅಬ್ಬರವೊಂದನ್ನು ಬಿಟ್ಟು. ಬಳಿಕ ಬೂಟಿನ ಮೂತಿಯನ್ನು ಸ್ಕೀಯ ಹಿಡಿಗೆ ಸಿಕ್ಕಿಸಿ, ಹಿಮ್ಮಡಿಯನ್ನು ಟಕ್ಕೆಂದು ತುಳಿಯಬೇಕು. ನಿಲ್ಲಬೇಕೆನಿಸಿದರೆ ಎರಡೂ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಭಾಗವನ್ನು ಅಗಲಿಸಬೇಕು. ಪಿಜ್ಜಾದ ತ್ರಿಕೋನ ತುಂಡಿನಂತೆ ಕಾಣುವ ಇದಕ್ಕೆ ನಮ್ಮ ತರಬೇತುದಾರರು ಪಿಜ್ಜಾ ಎನ್ನುತ್ತಿದ್ದರು. ನಾನು ದುಂಡಗಿನ ಅಕ್ಕಿರೊಟ್ಟಿ ತಿಂದು ಬೆಳೆದವನು. ನನಗೆ ಆ ಆಕಾರ ಕೊನೆಯವರೆಗೂ ಒಲಿಯಲಿಲ್ಲ.

ಮೂರನೆಯ ದಿನ ಇಳಿಜಾರಿನ ನಡುವೆ ನನ್ನ ಎರಡು ಮುಂತುದಿಗಳು ಒಂದರ ಮೇಲೊಂದು ಹತ್ತಿದವು. ನಾನು ಅಂಗಾತ ಬಿದ್ದೆ. ಬಲಗಾಲಿನ ಸ್ಕೀ ಕಳಚಿಕೊಂಡಿತು. ಕಳಚಿದ ಸ್ಕೀ ಓಡಿಹೋಗದಂತೆ ಹಿಮದಲ್ಲಿ ಊರಿಕೊಳ್ಳುವ ಪುಟ್ಟ ಬ್ರೇಕು ಅದಕ್ಕೆ ಇರಬೇಕಾಗಿತ್ತು; ಬಾಡಿಗೆಯ ಆ ಮುದಿ ಸ್ಕೀಯಲ್ಲಿ ಅದು ಯಾವ ಕಾಲದಲ್ಲಿ ಮುರಿದಿತ್ತೋ. ನನ್ನ ಕಾಲಿನಲ್ಲಿದ್ದಾಗ ಒಮ್ಮೆಯೂ ನೆಟ್ಟಗೆ ಸಾಗದಿದ್ದ ಅದು, ನಾನು ತೊಲಗಿದ ಕೂಡಲೇ ಪರಿಣತನಂತೆ ಗೆರೆ ಎಳೆದ ಹಾಗೆ ಇಳಿದು ಮರೆಯಾಯಿತು. ಹಿಮದ ಮೇಲಿನ ಜಾರುಬಂಡಿಯಾದ ಸ್ಲೆಡ್ಜ್ ಎಳೆಯುವ ಹುಡುಗನೊಬ್ಬ ಅದರ ಹಿಂದೆಯೇ ಓಡಿ, ಹೆಗಲ ಮೇಲೆ ಹೊತ್ತು ತಂದ. ಶಾನುಭೋಗ ಅವನಿಗೆ ಇನ್ನೂರೈವತ್ತು ರೂಪಾಯಿ ಕೊಟ್ಟು, ಕಂಕುಳಿನಿಂದ ಪೆನ್ನು ತೆಗೆದ.

ಅಲ್ಲಿಂದ ಮುಂದಿನದನ್ನು ನಾನು ಮಲಗಿದ್ದಲ್ಲಿಂದಲೇ ಕೇಳಿದ್ದೇನೆ. "ಇದು ಸ್ವಂತ ಖರ್ಚೋ, ಸಾರ್ವಜನಿಕ ಖರ್ಚೋ?" ಎಂದು ಶಾನುಭೋಗ ಕೇಳಿದ. ಬಿದ್ದವನು ಅವನೊಬ್ಬನೇ ಆದ್ದರಿಂದ ಸ್ವಂತದ್ದು ಎಂದು ಒಬ್ಬ ಹೇಳಿದ. ಬೀಳುವುದೂ ತರಬೇತಿಯ ಭಾಗವಾಗಿರುವುದರಿಂದ, ತರಬೇತಿ ಶುಲ್ಕವನ್ನು ಹಂಚಿಕೊಂಡವರು ಬಿದ್ದದ್ದನ್ನೂ ಹಂಚಿಕೊಳ್ಳತಕ್ಕದ್ದು ಎಂದು, ಅಂದು ನಾಲ್ಕು ಸಲ ಬಿದ್ದಿದ್ದ ಇನ್ನೊಬ್ಬ ವಾದಿಸಿದ. ಬೆನ್ನುನೋವಿನ ನೆಪದಲ್ಲಿ ಸ್ಲೆಡ್ಜ್ ಏರಿ ಕುಳಿತು ವಾರ ಕಳೆದ ಮೂರನೆಯವನು, "ನಾನು ಸ್ಕೀ ಮೇಲೆ ಕಾಲನ್ನೇ ಇಟ್ಟಿಲ್ಲವಲ್ಲ ಮಾರಾಯ, ನನ್ನನ್ನು ಬಿಟ್ಟು ಐದರಿಂದ ಭಾಗಿಸು, ಸರಿಯಾಗಿ ಐವತ್ತು ಬರುತ್ತದೆ" ಎಂದ. "ನಿನ್ನ ಸ್ಲೆಡ್ಜ್ ಎಳೆದವನ ಚಹಾ ಯಾರ ಲೆಕ್ಕದಲ್ಲಿ ಹೋಗಿದೆ, ಹದಿನೇಳನೆಯ ಪುಟ ನೋಡು" ಎಂದು ಶಾನುಭೋಗ ಹಾಳೆ ಮಗುಚಿದ. ಅಷ್ಟರಲ್ಲಿ ಕಾಲರಿನೊಳಗೆ ಹೊಕ್ಕ ಹಿಮ ಕರಗಿ ಬೆನ್ನುಹುರಿಯ ಉದ್ದಕ್ಕೂ ನಿಧಾನವಾಗಿ ಇಳಿಯುತ್ತಿತ್ತು. ಇವರು ನನ್ನನ್ನು ಮೇಲೆತ್ತುವ ಬಗೆಯನ್ನೇ ಚರ್ಚಿಸುತ್ತಿದ್ದಾರೆಂದು ಭಾವಿಸಿದ್ದ ಕಾಶ್ಮೀರಿ ತರಬೇತುದಾರರು ಕೊನೆಗೆ ತಾಳ್ಮೆ ಕಳೆದುಕೊಂಡು, "ಪೆಹಲೇ ಉಠಾ ತೋ ಲೋ, ಜನಾಬ್" (ಮೊದಲು ಎತ್ತಿಕೊಳ್ಳಿ ಸ್ವಾಮಿ) ಎಂದರು. ನನ್ನನ್ನು ಎತ್ತಿದ್ದು ಅವರೇ. ತೀರ್ಪನ್ನು ಶಾನುಭೋಗ ಕಾಯ್ದಿರಿಸಿದ.

ತಂತಿಯ ಮೇಲೆ ಸಾಗುವ ಕೇಬಲ್ ಕಾರು ಗೊಂಡೊಲಾ ಏರಿ ಅಫರ್ವತ್ ಬೆಟ್ಟದ ಹೆಗಲಿಗೆ ಹೋದ ದಿನ ಮಂಜು ಮುಸುಕಿ, ಮುಂದೆ ನಿಂತವನ ಟೋಪಿಯ ಹೊರತು ಏನೂ ಕಾಣಲಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಐದನೆಯ ರಾತ್ರಿ ಕರೆಂಟು ಹೋಯಿತು. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಮಲೆನಾಡಿನ ಮಳೆಯನ್ನು ಕಂಡ ಕಿವಿಗೆ, ಇಷ್ಟೊಂದು ಬೀಳುತ್ತಿದ್ದರೂ ಸದ್ದೇ ಇಲ್ಲವಲ್ಲ ಎಂದು ದಿಗಿಲಾಗುವಷ್ಟು ಮೌನ. ಕಟ್ಟಿಗೆ ಉರಿಸಿ ಕೋಣೆಯನ್ನು ಬೆಚ್ಚಗಿಡುವ ಒಲೆ ಬುಖಾರಿಯ ತಗಡು ಕೆಂಪಗಾಗಿತ್ತು. ಆರೂ ಜನ ಅದರ ಸುತ್ತ ಕಾಲು ಚಾಚಿ, ಯಾರ ಮೊಣಕಾಲಿನ ನೋವು ದೊಡ್ಡದೆಂದು ಮಾತಾಡಿ ಮುಗಿಸಿ, ಸುಮ್ಮನಾಗಿದ್ದೆವು. ಆಗ ನನಗೆ, ಕೊನೆಯ ವರ್ಷದ ಪರೀಕ್ಷಾ ಶುಲ್ಕ ಕಟ್ಟಲು ಊರಿನಿಂದ ಮನಿಯಾರ್ಡರು ಬಾರದೆ ನಾನು ಕಚೇರಿಯ ಕಿಟಕಿಯ ಮುಂದೆ ನಿಂತಿದ್ದದ್ದೂ, ಇದೇ ಶಾನುಭೋಗ ಸಾಲಿನಲ್ಲಿ ನುಗ್ಗಿ ನನ್ನ ಹೆಸರಿನ ರಸೀದಿಯನ್ನು ಹರಿಸಿ ಕೈಗಿಟ್ಟದ್ದೂ ನೆನಪಾಯಿತು. ಅದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. "ಅದನ್ನು ಯಾವ ಪುಟದಲ್ಲಿ ಬರೆದಿದ್ದೀಯೋ?" ಎಂದು ಕೇಳಿದೆ. ಅವನು ಬುಖಾರಿಯ ಬಾಯಿ ತೆರೆದು ಒಂದು ಕೊರಡು ತುರುಕಿ, "ಅದು ಬೇರೆ ಲೆಕ್ಕ ಬಿಡೋ" ಎಂದ. ಬೆಳಿಗ್ಗೆ ಎದ್ದು ನೋಡಿದರೆ ಆ ಕೊರಡೂ ಸೇರಿದಂತೆ ರಾತ್ರಿಯ ಕಟ್ಟಿಗೆಯ ಹಣ ನೋಟ್‌ಬುಕ್ಕಿನಲ್ಲಿ ಆರು ಪಾಲಾಗಿತ್ತು.

ಈಗ ಬೆಂಗಳೂರಿಗೆ ಬಂದು ಅವನ ಸಿಮ್‌ಗೆ ಜೀವ ಬಂದಿದೆ. ನಿನ್ನೆ ಸಂಜೆಯಿಂದ ಆ ನೋಟ್‌ಬುಕ್ಕಿನ ಒಂದೊಂದು ಸಾಲೂ ಒಂದೊಂದು ಸಂದೇಶವಾಗಿ ಬರುತ್ತಿದೆ, ಕೊನೆಯದಾಗಿ ಕಾಯ್ದಿರಿಸಿದ್ದ ಈ ತೀರ್ಪು. ನಲವತ್ತೊಂದು ಅರವತ್ತೇಳನ್ನು ಆರರಿಂದ ಗುಣಿಸಿದರೆ ಇನ್ನೂರೈವತ್ತು ರೂಪಾಯಿ ಎರಡು ಪೈಸೆಯಾಗುತ್ತದೆ, ಆ ಎರಡು ಪೈಸೆ ಯಾರ ಜೇಬಿಗೆ ಎಂದು ಕೇಳಿ ಜಗಳ ತೆಗೆಯಬೇಕೆಂದು ಹೊರಟವನು, ಬೆರಳಿನ ಊತದಿಂದ ಅಷ್ಟುದ್ದ ಟೈಪು ಮಾಡಲಾರದೆ, ಕೋಪಕ್ಕೆ ಇಡಿಯಾಗಿ ನಲವತ್ತೆರಡು ರೂಪಾಯಿ ಕಳಿಸಿ ಮೊಬೈಲನ್ನು ದಿಂಬಿನ ಕೆಳಗೆ ಹಾಕಿದೆ. ಅದು ಅಲ್ಲಿಂದಲೇ ಮತ್ತೆ ಗುರುಗುಟ್ಟಿತು.

"33 ಪೈಸೆ ನಿನ್ನ ಜಮೆಯಲ್ಲಿದೆ. ಮುಂದಿನ ಪ್ರವಾಸದಲ್ಲಿ ವಜಾ ಹಾಕೋಣ."