ನೂರು ವರ್ಷ ತುಂಬುವವರೆಗೆ ಕಾಯಬೇಕಂತೆ

ಇವತ್ತು ಪುರಾತತ್ವ ವಿಭಾಗದ ಪಿಎಚ್‌.ಡಿ. ಪ್ರವೇಶದ ಸಂದರ್ಶನ ಸಮಿತಿಯೊಂದರಲ್ಲಿ ಕೂತು ಬಂದಿದ್ದೇನೆ. ಯಾವ ವಿಶ್ವವಿದ್ಯಾಲಯ ಎಂದು ಇನ್‌ಬಾಕ್ಸಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಮೈ ಉರಿಯುತ್ತಿದೆ, ಬರೆದರಾದರೂ ತಣ್ಣಗಾದೀತು ಎಂದು ಬರೆಯುತ್ತಿದ್ದೇನೆ.

ಒಬ್ಬ ಹುಡುಗಿ ಬಂದಿದ್ದಳು. ಅವಳ ವಿಷಯ 1942ರ ಈಸೂರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು ನಾವೆಲ್ಲ ಶಾಲೆಯಲ್ಲಿ ಕೂಗಿದ ಅದೇ ಈಸೂರು. ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿ ತನ್ನದೇ ಸರ್ಕಾರ ಘೋಷಿಸಿಕೊಂಡ ಊರು. ಆಮೇಲೆ ಪೊಲೀಸರು ನುಗ್ಗಿ ದೋಚಿ ಬೆಂಕಿ ಇಟ್ಟ ಊರು. 1943ರಲ್ಲಿ ಐವರು ಗಲ್ಲಿಗೇರಿದ ಊರು. ಅವಳು ಭಾಷಣ ಬರೆದುಕೊಂಡು ಬಂದಿರಲಿಲ್ಲ, ನಕ್ಷೆ ತಂದಿದ್ದಳು. ಸುಟ್ಟ ಮನೆಗಳ ಅಡಿಪಾಯ ಎಲ್ಲೆಲ್ಲಿ ಉಳಿದಿರಬಹುದು, ಬೆಂಕಿಗೆ ಬೆಂದ ಮಣ್ಣಿನ ಗೋಡೆಯನ್ನು ಮಾಮೂಲಿ ಕುಸಿತದಿಂದ ಬೇರ್ಪಡಿಸುವುದು ಹೇಗೆ, ಜನ ಕಾಡಿಗೆ ಓಡಿದ ದಾರಿ ಯಾವುದು, ಊರಿನವರು ತೋರಿಸುವ ಜಾಗಕ್ಕೂ ಸರ್ಕಾರಿ ಕಡತ ಹೇಳುವ ಜಾಗಕ್ಕೂ ಎಷ್ಟು ದೂರ, ಹೀಗೆ. ಇಷ್ಟು ಸಿದ್ಧವಾಗಿ ಬಂದ ಅಭ್ಯರ್ಥಿಯನ್ನು ನಾನು ನೋಡಿಯೇ ಬಹಳ ಕಾಲವಾಗಿತ್ತು.

ಹಿರಿಯ ಸದಸ್ಯರೊಬ್ಬರು ಕನ್ನಡಕ ಕೆಳಗಿಳಿಸಿ ಕೇಳಿದರು: “ಇದು ಎಷ್ಟು ವರ್ಷ ಹಳೆಯದಮ್ಮ?”

“ಎಂಬತ್ತು ದಾಟಿದೆ ಸರ್.”

“ಹಾಗಾದರೆ ಇತಿಹಾಸ ವಿಭಾಗಕ್ಕೆ ಹೋಗು. ಅಲ್ಲಿಯೂ ಬೇಡವೆಂದರೆ ಪತ್ರಿಕೋದ್ಯಮ ಇದೆ.”

ನಕ್ಕರು. ನಾನು ವಾದಿಸಿದೆ. ನನ್ನದು ಒಂಟಿ ದನಿ, ಸೋತೆ.

ಎಷ್ಟು ವರ್ಷ ಹಳೆಯದು! ನಮ್ಮ ಕ್ಷೇತ್ರದಲ್ಲಿ ಬುದ್ಧಿವಂತಿಕೆ ಅಳೆಯುವ ಏಕೈಕ ಮಾನದಂಡ ಇದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ ನೂರು ವರ್ಷ ಎನ್ನುತ್ತದೆ, ಸರಿ. ಕಾಯ್ದೆಗೆ ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಆದರೆ ಆ ಗೆರೆ ಸರ್ಕಾರಿ ರಕ್ಷಣೆಗೆ ಇರುವುದು, ಸಂಶೋಧಕಿಯ ತಲೆಗಲ್ಲ. ಈ ಲೆಕ್ಕದಲ್ಲಿ ಈಸೂರು ಪುರಾತತ್ವ ಆಗುವುದು 2042ಕ್ಕೆ. ಅಷ್ಟರಲ್ಲಿ ಆ ಅಡಿಪಾಯಗಳ ಮೇಲೆ ಕಾಂಕ್ರೀಟ್ ಮನೆ ಎದ್ದಿರುತ್ತದೆ. ಆಗ ಇದೇ ಜನ ವಿಚಾರಸಂಕಿರಣ ಮಾಡಿ, ಅಯ್ಯೋ ಪುರಾವೆಯೇ ಉಳಿದಿಲ್ಲ ಎಂದು ಮರುಗಿ, ಊಟ ಮಾಡಿ ಏಳುತ್ತಾರೆ.

ತಮಾಷೆ ಏನೆಂದರೆ, ಇವರೆಲ್ಲ ಕುಲಗುರು ಎಂದು ಪೂಜಿಸುವ ಮಾರ್ಟಿಮರ್ ವೀಲರ್ ಎರಡೂ ಮಹಾಯುದ್ಧಗಳಲ್ಲಿ ಹೋರಾಡಿದ ಸೇನಾಧಿಕಾರಿ. 1944ರಲ್ಲಿ ಸೈನ್ಯದಿಂದ ನೇರವಾಗಿ ನಮ್ಮ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕನಾಗಿ ಬಂದವನು. ಮೊಹೆಂಜೊದಾರೊದಲ್ಲಿ ಹಿಂದೆ ಸಿಕ್ಕಿದ್ದ ಅಸ್ಥಿಪಂಜರಗಳನ್ನು ಕಂಡು ಇದು ಹತ್ಯಾಕಾಂಡ, ಆರ್ಯರ ದಾಳಿ ಎಂದು ತೀರ್ಪು ಕೊಟ್ಟ. 1964ರಲ್ಲಿ ಜಾರ್ಜ್ ಡೇಲ್ಸ್ ಎಂಬ ಪುರಾತತ್ವಜ್ಞ ಆ ಕಥೆಯನ್ನು ಬುಡಸಮೇತ ಕಿತ್ತುಹಾಕಿದ: ಆ ಮೂಳೆಗಳೆಲ್ಲ ಒಂದೇ ಕಾಲದವೂ ಅಲ್ಲ, ದಾಳಿಗೆ ಪುರಾವೆಯೂ ಇಲ್ಲ. ವೀಲರ್ ಆ ತೀರ್ಪನ್ನು ಅಚ್ಚು ಹಾಕಿಸಿದ್ದು 1947ರಲ್ಲಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದದ್ದೂ ಅದೇ ವರ್ಷ. 1947! ಪಂಜಾಬಿನಲ್ಲಿ ಊರೂರೇ ಉರಿದ ವರ್ಷ. ಮೂರೂವರೆ ಸಾವಿರ ವರ್ಷ ಹಿಂದಿನ, ನಡೆದೇ ಇರದ ಹತ್ಯಾಕಾಂಡ ಪುರಾತತ್ವ. ಕಣ್ಣೆದುರು ನಡೆದದ್ದು ಮಾತ್ರ ಪತ್ರಿಕೋದ್ಯಮ. ಇದನ್ನು ಸಮಿತಿಯಲ್ಲಿ ಹೇಳಿದಾಗ ಅಧ್ಯಕ್ಷರು ಕಾಫಿ ತರಿಸಿದರು.

ನೂರು ವರ್ಷ ತುಂಬಿದರೆ ನೆಲದ ಸಾಕ್ಷಿಗೆ ಮರ್ಯಾದೆ ಸಿಗುತ್ತದೆ ಎಂದೇನೂ ಇಲ್ಲ. ಜಲಿಯನ್‌ವಾಲಾ ಬಾಗಿಗೆ ನೂರು ತುಂಬಿದ್ದು 2019ರಲ್ಲಿ. 2021ರ ಹೊತ್ತಿಗೆ ನವೀಕರಣ ಮುಗಿಸಿ, ಡಯರನ ಸೈನಿಕರು ಒಳಹೊಕ್ಕ ಆ ಕಿರಿದಾದ ಓಣಿಯ ಗೋಡೆಗಳ ತುಂಬ ಉಬ್ಬುಶಿಲ್ಪ ಅಂಟಿಸಿಬಿಟ್ಟರು. ಇತಿಹಾಸಕಾರರು ಕೂಗಾಡಿದರು. ನಮ್ಮ ಪುರಾತತ್ವದ ಗೆಳೆಯರಲ್ಲಿ ಹೆಚ್ಚಿನವರಿಗೆ ಅದು ತಮ್ಮ ವಿಷಯ ಎಂದೇ ಅನಿಸಲಿಲ್ಲ. ಆ ಓಣಿಯ ಅಗಲವೇ ಒಂದು ಸಾಕ್ಷಿ. ಡಯರ್ ತಂದಿದ್ದ ಮಷೀನ್‌ಗನ್ ಇದ್ದ ಎರಡು ಕವಚವಾಹನಗಳು ಅಲ್ಲಿ ನುಗ್ಗಲಾಗದೆ ಹೊರಗೆ ನಿಂತವು. ನುಗ್ಗುವಂತಿದ್ದರೆ ಬಹುಶಃ ಅವನ್ನೂ ಬಳಸುತ್ತಿದ್ದೆ ಎಂದು ಅವನೇ ತನಿಖೆ ನಡೆಸಿದ ಹಂಟರ್ ಸಮಿತಿಯ ಮುಂದೆ ಒಪ್ಪಿಕೊಂಡ. ಒಂದು ಓಣಿಯ ಅಗಲದಿಂದ ಎಷ್ಟೋ ಜೀವ ಉಳಿಯಿತು. ಬರಿಯ ಇಟ್ಟಿಗೆಯ ಗೋಡೆಗೆ ಅದನ್ನು ಹೇಳುವ ಶಕ್ತಿ ಇತ್ತು. ಶಿಲ್ಪಕ್ಕೆ ಇರುವುದು ಸೆಲ್ಫಿಯ ಹಿನ್ನೆಲೆಯಾಗುವ ಶಕ್ತಿ.

ಹೊರಗಿನ ಲೋಕ ಈ ಜಗಳವನ್ನು ಎಂದೋ ದಾಟಿದೆ. 1973ರಲ್ಲೇ ಅರಿಜೋನಾದ ಟೂಸಾನ್ ನಗರದಲ್ಲಿ ವಿಲಿಯಂ ರಾತ್ಜೆ ಎಂಬ ಪ್ರಾಧ್ಯಾಪಕ ವಿದ್ಯಾರ್ಥಿಗಳಿಂದ ಮನೆಮನೆಯ ಕಸ ವಿಂಗಡಿಸಿದ. ಜನ ತಾವು ಕುಡಿಯುತ್ತೇವೆಂದು ಹೇಳಿದ ಬಿಯರಿಗಿಂತ ಕಸದ ಡಬ್ಬಿಯಲ್ಲಿ ಸಿಕ್ಕ ಕ್ಯಾನುಗಳೇ ಹೆಚ್ಚು! ಬಾಯಿ ಹೇಳುವುದು ಒಂದು, ವಸ್ತು ಹೇಳುವುದು ಇನ್ನೊಂದು. ಬಿಯರಿನ ವಿಷಯದಲ್ಲೇ ಹೀಗಾದರೆ ಗೋಲಿಬಾರಿನ ವರದಿಯ ಕಥೆ ಏನು? ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗಿನ ಸೈನಿಕ ಆಡಳಿತ ಕಾಣೆಯಾಗಿಸಿದವರನ್ನು ಹುಡುಕಲು 1984ರಲ್ಲಿ ಅಮೆರಿಕದ ಮೂಳೆತಜ್ಞ ಕ್ಲೈಡ್ ಸ್ನೋ ಕಟ್ಟಿದ ತಂಡದಲ್ಲಿ ಇದ್ದವರು ಪುರಾತತ್ವ, ಮಾನವಶಾಸ್ತ್ರಗಳ ವಿದ್ಯಾರ್ಥಿಗಳು. ಬ್ರಷ್ಷು, ಕರಣೆ ಹಿಡಿದು ಗೋರಿಗಳನ್ನು ಪದರಪದರವಾಗಿ ಬಿಡಿಸಿದರು. ಮರುವರ್ಷ ಸ್ನೋ ಸೇನಾಧಿಕಾರಿಗಳ ವಿಚಾರಣೆಯಲ್ಲಿ ಸಾಕ್ಷಿ ನುಡಿದ. ಎಷ್ಟು ವರ್ಷ ಹಳೆಯದು ಎಂದು ನ್ಯಾಯಾಧೀಶರು ಕೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಗೊತ್ತು. ಹೊಯ್ಸಳರ ಗುಡಿ ಸೋರುತ್ತಿದೆ, ಶಾಸನಗಳು ಬಟ್ಟೆ ಒಗೆಯುವ ಕಲ್ಲಾಗಿವೆ, ಇರುವ ಪುಡಿಗಾಸನ್ನು ನಿನ್ನೆ ಮೊನ್ನೆಯ ಗೋಡೆಗೆ ಸುರಿಯಬೇಕೇ? ಆ ಹುಡುಗಿ ಕೇಳಿದ್ದು ಒಂದು ನೋಂದಣಿ ಸಂಖ್ಯೆಯನ್ನು, ಬೇಲೂರಿನ ಅನುದಾನವನ್ನಲ್ಲ. ಮುಂದಿನ ಆಕ್ಷೇಪ?

ನಿಜವಾದ ಅಂಜಿಕೆ ಬೇರೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಡೆಯವರು ಯಾರೂ ಬಂದು ನೀನು ಬರೆದದ್ದು ಸುಳ್ಳು ಎನ್ನುವುದಿಲ್ಲ. 1942ರ ವಿಷಯದಲ್ಲಿ ಮೊಮ್ಮಕ್ಕಳು ಇದ್ದಾರೆ, ಎರಡೂ ಕಡೆಯವರು. ಉತ್ತರ ಐರ್ಲೆಂಡಿನ ಮೇಜ್ ಜೈಲನ್ನೇ ನೋಡಿ. 1981ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರೋಧಿಗಳಾದ ಹತ್ತು ಕೈದಿಗಳು ಉಪವಾಸದಿಂದ ಸತ್ತ ಜೈಲು ಅದು. 2000ದಲ್ಲಿ ಮುಚ್ಚಿದರು, ಬಹುಪಾಲು ಕೆಡವಿದರು. ಉಳಿದ ಭಾಗದ ಬಳಿ ಶಾಂತಿ ಕೇಂದ್ರ ಕಟ್ಟುವ ಯೋಜನೆ 2013ರಲ್ಲಿ ಜಗಳದಲ್ಲಿ ಮುರಿದುಬಿತ್ತು. ಅಲ್ಲಿ ಕೆಲಸ ಮಾಡುವ ಪುರಾತತ್ವಜ್ಞರು ಎರಡೂ ಕಡೆಯವರಿಂದ ಬೈಸಿಕೊಂಡೇ ಅಳತೆ ತೆಗೆಯಬೇಕು. ನಮ್ಮವರಿಗೆ ಬೈಸಿಕೊಳ್ಳುವ ಅಭ್ಯಾಸವಿಲ್ಲ. ನೂರು ವರ್ಷ ಕಾಯಿರಿ ಎಂದರೆ, ಎದುರು ಮಾತಾಡುವವರೆಲ್ಲ ತೀರಿಕೊಳ್ಳುವವರೆಗೆ ಕಾಯಿರಿ ಎಂದು.

ಅವಳಿಗೆ ನಾನು ಸುಳ್ಳು ಭರವಸೆಯನ್ನೂ ಕೊಡಲಾರೆ. ಈ ವಿಷಯ ಹಿಡಿದವರಿಗೆ ನಮ್ಮಲ್ಲಿ ಹುದ್ದೆಯ ಜಾಹೀರಾತೇ ಬರುವುದಿಲ್ಲ. ಅತಿಥಿ ಉಪನ್ಯಾಸಕಿಯಾಗಿ ವರ್ಷಕ್ಕೊಮ್ಮೆ ಅರ್ಜಿ, ತಿಂಗಳುಗಟ್ಟಲೆ ಬಾಕಿ ಸಂಬಳ. ಹೊರಗೆ ಹೋಗು ಎನ್ನೋಣವೆಂದರೆ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಂಥದ್ದೇ 2021ರಲ್ಲಿ ಹೆಸರಾಂತ ಪುರಾತತ್ವ ವಿಭಾಗವನ್ನು ಮುಚ್ಚಲು ನಿರ್ಧರಿಸಿತು. ನನ್ನ ಅನ್ನ ಬಂದದ್ದೂ ದೇವಾಲಯಗಳ ಅಧ್ಯಯನದಿಂದಲೇ ಎಂದು ನಿಮಗೆ ಗೊತ್ತು. ಯಾರಿಗೂ ನೋವಾಗದ, ಯಾರೂ ಪ್ರಶ್ನಿಸದ, ಬಡ್ತಿ ತರುವ ಸುಖದ ವಿಷಯ. ಅವಳ ನಕ್ಷೆ ನೋಡುವಾಗ ನನಗೆ ಹೆಮ್ಮೆಗಿಂತ ಮೊದಲು ಹೊಟ್ಟೆಕಿಚ್ಚಾಯಿತು. ಇದೂ ನಿಜ.

ಇನ್ನು ಕೆಲಸದ ಮಾತು. ಪ್ರವೇಶ ಸಿಗದಿದ್ದರೂ ಅವಳು ಈ ಬೇಸಿಗೆಯಲ್ಲಿ ಅಳತೆ ಶುರು ಮಾಡುತ್ತಾಳಂತೆ, ನಾನೂ ಹೋಗುತ್ತಿದ್ದೇನೆ. ಈಸೂರು, ಶಿಕಾರಿಪುರದ ಕಡೆಯ ಗೆಳೆಯರು ಮನೆಯಲ್ಲಿ ಹಳೆಯ ಫೋಟೊ, ಜಮೀನಿನ ಪತ್ರ, ಸುಟ್ಟ ತೊಲೆಯ ತುಂಡು ಏನಿದ್ದರೂ ತಿಳಿಸಿ. ಯಾವುದನ್ನೂ ತೊಳೆಯಬೇಡಿ, ಬಣ್ಣ ಹಚ್ಚಬೇಡಿ. ವೀರಗಲ್ಲಿನ ಫೋಟೊ ಕಳುಹಿಸಿ ‘ಎಷ್ಟು ವರ್ಷ ಹಳೆಯದು ಸರ್’ ಎಂದು ಕೇಳುವವರು ದಯವಿಟ್ಟು ಮುಂದಿನ ತಿಂಗಳು ಬನ್ನಿ. ಈ ತಿಂಗಳು ಆ ಪ್ರಶ್ನೆ ಕೇಳಿದರೆ ಬೈಯುತ್ತೇನೆ.